ಕತ್ತಿ ಬದಿಗಿಡಿ, ನೂಲುವ ಕದಿರು ಹಿಡಿಯಿರಿ: ಮಕ್ಕಳಿಗೆ ವೈಕಿಂಗರ ದಿನನಿತ್ಯದ ಬದುಕನ್ನು ಕೈಯಾರೆ ಕಲಿಸುವ ಬಗೆ

ನಾನು ಇಂಗ್ಲೆಂಡಿನ ಯಾರ್ಕ್ ಊರಿನ ಹತ್ತಿರ ಒಂದು ಪ್ರೈಮರಿ ಶಾಲೆಯಲ್ಲಿ ಸಹಾಯಕ ಶಿಕ್ಷಕಿ. ಇಲ್ಲಿ 7ರಿಂದ 11 ವರ್ಷದ ಮಕ್ಕಳ ಪಠ್ಯದಲ್ಲಿ ವೈಕಿಂಗರ, ಅಂದರೆ ಸುಮಾರು ಸಾವಿರ ವರ್ಷದ ಹಿಂದಿನ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಕಡೆಯ ಜನರ ಪಾಠ ಇದೆ. ಆ ಪಾಠ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ಯಾರಾದರೂ ಕನ್ನಡದ ಅಪ್ಪ-ಅಮ್ಮ ನನಗೆ ಫೋನ್ ಮಾಡುತ್ತಾರೆ. "ಮಗಳ ಶಾಲೆಯಲ್ಲಿ ವೈಕಿಂಗ್ ಡೇ ಅಂತೆ, ಕೊಂಬಿನ ಟೋಪಿ ಎಲ್ಲಿ ಸಿಗುತ್ತೆ?" ಅಂತ. ಕೆಲವರು ಸ್ವತಃ ಶಾಲೆಯಲ್ಲಿ ಕೈ ಜೋಡಿಸಲು ಒಪ್ಪಿಕೊಂಡಿರುತ್ತಾರೆ, ಏನು ಮಾಡಿಸಬೇಕು ಅಂತ ಗೊತ್ತಾಗದೆ ಕೇಳುತ್ತಾರೆ. ಅವರೆಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕೊಂಬಿನ ಟೋಪಿ ಬೇಡ. ವೈಕಿಂಗ್ ಕಾಲದ ಕೊಂಬಿನ ಶಿರಸ್ತ್ರಾಣ ಒಂದೂ ಸಿಕ್ಕಿಲ್ಲ. ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ಸಿಕ್ಕ ಕಬ್ಬಿಣದ ಶಿರಸ್ತ್ರಾಣ ದುಂಡಗಿದೆ, ಕಣ್ಣಿನ ಸುತ್ತ ಕನ್ನಡಕದಂಥ ಪಟ್ಟಿ ಇದೆ, ಕೊಂಬಿಲ್ಲ. ಕೊಂಬು ಜನರ ತಲೆಯಲ್ಲಿ ಕೂತಿದ್ದು 19ನೇ ಶತಮಾನದಲ್ಲಿ. ಜರ್ಮನಿಯಲ್ಲಿ 1876ರಲ್ಲಿ ನಡೆದ, ಸಂಗೀತಕಾರ ವಾಗ್ನರನ ಸಂಗೀತ ನಾಟಕದ ವೇಷಭೂಷಣ ಅದಕ್ಕೆ ದೊಡ್ಡ ಕಾರಣ.

ಮೊದಲು ಏನನ್ನು ಬಿಡಬೇಕು ಅಂತ ನಿರ್ಧರಿಸಿ

ಪುಸ್ತಕಗಳಲ್ಲಿ ವೈಕಿಂಗ್ ಕಾಲ ಅಂದರೆ ಸಾಮಾನ್ಯವಾಗಿ 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲಿನ ದಾಳಿಯಿಂದ 1066ರಲ್ಲಿ ಅಲ್ಲಿಯೇ ನಡೆದ ಸ್ಟ್ಯಾಮ್‌ಫರ್ಡ್ ಬ್ರಿಜ್ ಕಾಳಗದವರೆಗೆ. ಎರಡು ತುದಿಯಲ್ಲೂ ಕತ್ತಿ. ನಡುವಿನ ಇನ್ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ಆ ಜನ ಏನು ಮಾಡುತ್ತಿದ್ದರು? ಬಹುಪಾಲು ಮಂದಿ ಬಾರ್ಲಿ ಬಿತ್ತುತ್ತಿದ್ದರು, ಹಸು-ಕುರಿ ಸಾಕುತ್ತಿದ್ದರು, ಮೀನು ಒಣಗಿಸುತ್ತಿದ್ದರು, ನೂಲುತ್ತಿದ್ದರು. 'ವೈಕಿಂಗ್' ಅನ್ನುವ ಹೆಸರು ಸಲ್ಲುವುದು ಹಡಗು ಹತ್ತಿ ದಾಳಿಗೆ ಹೋದವರಿಗೆ. ಹಾಗೆ ಹೋದವರು ಸ್ವಲ್ಪವೇ ಜನ. ಅವರು ಹೋದ ಹಡಗಿನ ಹಾಯಿ ಕೂಡ ಮನೆಯಲ್ಲಿ ಕೂತ ಹೆಂಗಸರ ಬೆರಳಿನಿಂದ ಬಂದದ್ದು.

ಮಕ್ಕಳಿಗೆ ನಾನು ಮುಟ್ಟಿಸಬೇಕು ಅಂದುಕೊಂಡಿರುವುದು ಇದೊಂದೇ. ಆ ಬದುಕಿನಲ್ಲಿ ಪ್ರತಿಯೊಂದಕ್ಕೂ ಎಷ್ಟು ಹೊತ್ತು ಹಿಡಿಯುತ್ತಿತ್ತು ಅನ್ನುವುದು. ಅದನ್ನು ಬೋರ್ಡ್ ಮೇಲೆ ಬರೆದು ಹೇಳಿದರೆ ತಲೆಗೆ ಹತ್ತುವುದಿಲ್ಲ. ಕೈಗೆ ಕೆಲಸ ಕೊಟ್ಟರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಆದ್ದರಿಂದ ಕಡಿಮೆ ಕೆಲಸ ಇಡಿ, ಪ್ರತಿಯೊಂದಕ್ಕೂ ಜಾಸ್ತಿ ಹೊತ್ತು ಕೊಡಿ. ಮೊದಲ ವರ್ಷ ನಾವು ಎಂಟು ಚಟುವಟಿಕೆ ಇಟ್ಟು, ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಮಕ್ಕಳನ್ನು ಓಡಾಡಿಸಿದೆವು. ಯಾವುದೂ ಮುಗಿಯಲಿಲ್ಲ. ಒಂದು ಮಗು ಅರ್ಧ ನೂತ ಎಳೆಯನ್ನು ಕೈಯಲ್ಲಿ ಹಿಡಿದು, "ಇದನ್ನು ಏನು ಮಾಡಲಿ?" ಅಂತ ಕೇಳಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಐದೇ ಕೆಲಸ: ಮನೆ, ರೊಟ್ಟಿ-ಬೆಣ್ಣೆ, ನೂಲು, ರೂನ್ (ವೈಕಿಂಗರ ಲಿಪಿ) ಬರಹ, ಒಂದು ಆಟ.

ರಟ್ಟಿನ ಗುರಾಣಿ ಮಾಡಿಸಲೇಬೇಕು ಅಂತ ಶಾಲೆಯವರು ಹಟ ಹಿಡಿದರೆ ಅದನ್ನು ಹಿಂದಿನ ವಾರ ಚಿತ್ರಕಲೆಯ ಪೀರಿಯಡ್‌ನಲ್ಲಿ ಮುಗಿಸಿ. ಗುಂಡಗೆ ಕತ್ತರಿಸಿ, ಅರ್ಧ ಮಕ್ಕಳಿಗೆ ಹಳದಿ ಬಣ್ಣ, ಅರ್ಧ ಮಕ್ಕಳಿಗೆ ಕಪ್ಪು ಬಣ್ಣ ಕೊಡಿ. ನಾರ್ವೆಯಲ್ಲಿ 1880ರಲ್ಲಿ ಅಗೆದು ತೆಗೆದ ಗೋಕ್‌ಸ್ಟಾಡ್ ಹಡಗಿನ ಎರಡೂ ಬದಿಗೆ 32ರಂತೆ 64 ಗುರಾಣಿಗಳಿದ್ದವು, ಒಂದು ಹಳದಿ, ಒಂದು ಕಪ್ಪು. ಇಷ್ಟು ಸಾಕು.

ಎರಡು ವಾರ ಮುಂಚಿನ ತಯಾರಿ

30 ಮಕ್ಕಳಿಗೆ ಕನಿಷ್ಠ 4 ಜನ ದೊಡ್ಡವರು ಬೇಕು. ಹೆತ್ತವರಿಗೆ ಚೀಟಿ ಕಳಿಸುವಾಗ ಮೂರು ವಿಷಯ ತಪ್ಪದೆ ಕೇಳಿ. ಹಾಲು ಒಗ್ಗದ ಮಕ್ಕಳಿದ್ದಾರಾ? ಗೋಧಿ, ಬಾರ್ಲಿ ಒಗ್ಗದವರು? ಉಣ್ಣೆ ಮುಟ್ಟಿದರೆ ಚರ್ಮ ಕೆರೆಯುವವರು? ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಬಾರ್ಲಿಯಲ್ಲೂ ಇದೆ, ಇದನ್ನು ತುಂಬ ಜನ ಮರೆಯುತ್ತಾರೆ. ಅಂಥ ಮಕ್ಕಳಿಗೆ ಬೇರೆ ಕೆಲಸ ಮೊದಲೇ ಯೋಚಿಸಿಡಿ. ಆ ದಿನ ಅವರು ಮೂಲೆಯಲ್ಲಿ ನಿಂತು ನೋಡುವ ಹಾಗೆ ಆಗಬಾರದು.

ಬೇಕಾದ ಸಾಮಾನು:

ಸೀಮೆಸುಣ್ಣ, ಉದ್ದ ಅಳತೆಯ ಟೇಪ್.
ಬಾರ್ಲಿ ಹಿಟ್ಟು 750 ಗ್ರಾಂ, ಗೋಧಿ ಹಿಟ್ಟು 350 ಗ್ರಾಂ, ಉಪ್ಪು, ಗಟ್ಟಿ ಕೆನೆ ಒಂದೂವರೆ ಲೀಟರ್, ಬಿಗಿ ಮುಚ್ಚಳದ 6 ಜಾರ್, ಎರಡು ಕಾವಲಿ.
ಹಿಂಜಿ ಬಾಚಿದ ಉಣ್ಣೆ 500 ಗ್ರಾಂ.
30 ಸೆಂಟಿಮೀಟರ್ ಉದ್ದದ, ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪದ ಮರದ ಕಡ್ಡಿಗಳು 15.
ತಾನಾಗಿ ಒಣಗುವ ಮಣ್ಣು ಎರಡೂವರೆ ಕಿಲೋ.
ಹಾಳೆ, ಪೆನ್ಸಿಲ್, ಎರಡು ಬಣ್ಣದ ಗುಂಡಿಗಳು.

ಉಣ್ಣೆ ಕೊಳ್ಳುವಾಗ ತೀರಾ ನುಣುಪಾದ ಮೆರಿನೊ ಬೇಡ, ಬೆರಳಿನಲ್ಲಿ ಜಾರುತ್ತದೆ. ಶೆಟ್‌ಲ್ಯಾಂಡ್ ಕುರಿಯ ಉಣ್ಣೆಯಂಥದ್ದು ಕಲಿಯುವವರಿಗೆ ಒಳ್ಳೆಯದು. ಕರ್ನಾಟಕದಲ್ಲೇ ಇದನ್ನು ಮಾಡಿಸುವ ಶಿಕ್ಷಕರಿಗೆ ಒಂದು ಮಾತು. ಖಾದಿ ಭಂಡಾರದ ತಕಲಿ ಹತ್ತಿಗೆ ಮಾಡಿದ್ದು, ತೀರಾ ಹಗುರ. ಉಣ್ಣೆಗೆ ಅದು ಸಾಲದು. ಕೆಳಗೆ ಹೇಳುವ ಮಣ್ಣಿನ ಬಿಲ್ಲೆ ನೀವೇ ಮಾಡಿಕೊಳ್ಳಿ. ಕಂಬಳಿ ನೇಯುವವರು ಹತ್ತಿರದಲ್ಲಿದ್ದರೆ ಉಣ್ಣೆಯನ್ನೂ ಅವರಲ್ಲೇ ಕೇಳಿ. ಸಾಧ್ಯವಾದರೆ ಅವರನ್ನೇ ಕರೆಸಿ.

ಒಂದನೇ ಹೆಜ್ಜೆ: ಸೀಮೆಸುಣ್ಣದ ಮನೆ

ದಿನ ಶುರುವಾಗುವುದು ಆಟದ ಮೈದಾನದಲ್ಲಿ. 18 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಆಕಾರವನ್ನು ಮಕ್ಕಳೇ ಅಳೆದು ಎಳೆಯಲಿ. ಉದ್ದದ ಗೋಡೆ ಸ್ವಲ್ಪ ಹೊರಗೆ ಉಬ್ಬಿರಲಿ, ದೋಣಿಯ ಹಾಗೆ. ನಡುವೆ ಮೂರು ಮೀಟರ್ ಉದ್ದದ ಬೆಂಕಿಯ ಗುಂಡಿ. ಎರಡೂ ಗೋಡೆಗೆ ಅಂಟಿಕೊಂಡು ಒಂದೂವರೆ ಮೀಟರ್ ಅಗಲದ ಜಗಲಿ. ಹಗಲು ಅದರ ಮೇಲೇ ಕೂತು ಕೆಲಸ, ರಾತ್ರಿ ಅದರ ಮೇಲೇ ನಿದ್ದೆ. ಒಂದು ತುದಿಯ 5 ಮೀಟರ್ ಹಸುಗಳಿಗೆ.

ಈಗ ಇಡೀ ತರಗತಿಯನ್ನು ಒಳಗೆ ಕರೆದು ಜಗಲಿಯ ಮೇಲೆ ಮಲಗಲು ಹೇಳಿ. ನಗು ನಿಂತ ಮೇಲೆ ಪ್ರಶ್ನೆ ಕೇಳಿ. ನಿನ್ನ ರೂಮ್ ಎಲ್ಲಿ? ಹಸು ಯಾಕೆ ಒಳಗೆ? ಉತ್ತರ ಅವರೇ ಹುಡುಕುತ್ತಾರೆ. ಹೋದ ವರ್ಷ ಒಬ್ಬ ಹುಡುಗ, "ಹಸು ಇದ್ದರೆ ಬೆಚ್ಚಗಿರುತ್ತೆ" ಅಂದ. ಸರಿಯಾದ ಉತ್ತರ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇರುವುದನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ಆ ಮನೆಗಳಿಗೆ ಕಿಟಕಿ ಇಲ್ಲ ಅನ್ನುವಷ್ಟು ಕಡಿಮೆ. ಹೊಗೆ ಹೋಗಲು ಮಾಡಿನಲ್ಲಿ ಒಂದು ತೂತು. ಇಂಗ್ಲಿಷಿನ 'ವಿಂಡೋ' ಅನ್ನುವ ಪದ ವೈಕಿಂಗರ ಭಾಷೆಯ 'ವಿಂಡ್‌ಔಗ'ದಿಂದ ಬಂದದ್ದು. ಅರ್ಥ 'ಗಾಳಿಯ ಕಣ್ಣು'. ನಮ್ಮಲ್ಲಿ ಕಿಟಕಿಗೆ ಇನ್ನೊಂದು ಹೆಸರು ಗವಾಕ್ಷ, ಅಂದರೆ ಹಸುವಿನ ಕಣ್ಣು. ಎರಡು ದೂರದ ನಾಡಿನ ಜನ ಗೋಡೆಯ ತೂತನ್ನು ನೋಡಿ ಕಣ್ಣು ಅಂದರಲ್ಲ! ನಮ್ಮ ತರಗತಿಯಲ್ಲಿರುವ ಕನ್ನಡದ ಮಗು ಇದನ್ನು ಎದ್ದು ನಿಂತು ಎಲ್ಲರಿಗೂ ಹೇಳಿದಾಗ ನನಗೆ ತುಂಬಾ ಖುಷಿಯಾಯಿತು.

ಮೈದಾನ ದೊಡ್ಡದಿದ್ದರೆ ಇನ್ನೊಂದು ಕೆಲಸ ಮಾಡಿ. ನಾರ್ವೆಯ ಲೋಫೋಟನ್ ದ್ವೀಪಗಳ ಬೋರ್ಗ್ ಎಂಬಲ್ಲಿ ಒಬ್ಬ ಮುಖಂಡನ ಮನೆಯ ಗುರುತು ಸಿಕ್ಕಿದೆ, ಉದ್ದ 83 ಮೀಟರ್. ಅಷ್ಟು ದೂರಕ್ಕೆ ಒಬ್ಬಳನ್ನು ನಡೆಸಿ, ಅಲ್ಲಿಂದ ಕೈ ಬೀಸಲು ಹೇಳಿ. ಬಡವ-ಬಲ್ಲಿದ ಅನ್ನುವುದು ಆಗಲೂ ಇತ್ತು ಅಂತ ಬೇರೆ ಹೇಳುವ ಅಗತ್ಯ ಬೀಳುವುದಿಲ್ಲ.

ಎರಡನೇ ಹೆಜ್ಜೆ: ಮೊದಲು ಬೆಣ್ಣೆ, ಆಮೇಲೆ ರೊಟ್ಟಿ

ಇಲ್ಲಿಂದ ತರಗತಿಯನ್ನು ಎರಡು ಪಾಲು ಮಾಡಿ. ಅರ್ಧ ಜನ ಅಡುಗೆಗೆ, ಅರ್ಧ ಜನ ನೂಲಿಗೆ. ಒಂದು ಗಂಟೆ ಆದ ಮೇಲೆ ಅದಲು ಬದಲು. ಸಾಮಾನಿನಲ್ಲೂ ಅರ್ಧವನ್ನು ಎರಡನೇ ಪಾಳಿಗೆ ತೆಗೆದಿಡಿ.

ಎಲ್ಲರೂ ಮೊದಲು ಕೈ ತೊಳೆಯಲಿ. ತೊಳೆಯುವಾಗಲೇ ಒಂದು ಸಂಗತಿ ಹೇಳಿ. ವೈಕಿಂಗರು ಕೊಳಕರು ಅನ್ನುವುದು ಸುಳ್ಳು. ಅವರ ಭಾಷೆಯಲ್ಲಿ ಶನಿವಾರದ ಹೆಸರೇ 'ಸ್ನಾನದ ದಿನ'. ಐಸ್‌ಲ್ಯಾಂಡಿನಲ್ಲಿ ಇವತ್ತಿಗೂ ಶನಿವಾರವನ್ನು 'ಲೌಗರ್‌ದಾಗುರ್' ಅನ್ನುತ್ತಾರೆ. ಜಿಂಕೆಯ ಕೊಂಬಿನಿಂದ ಮಾಡಿದ ಬಾಚಣಿಗೆಗಳು ಅಗೆದಲ್ಲೆಲ್ಲ ಸಿಗುತ್ತವೆ.

ಕೆನೆಯನ್ನು ಒಂದು ಗಂಟೆ ಮುಂಚೆ ಫ್ರಿಜ್‌ನಿಂದ ಹೊರಗಿಟ್ಟಿರಬೇಕು. ತೀರಾ ತಣ್ಣಗಿದ್ದರೆ ಬೆಣ್ಣೆ ಬರಲು ತುಂಬ ಹೊತ್ತು ಬೇಕು. ಜಾರಿನ ಅರ್ಧಕ್ಕಿಂತ ಕಡಿಮೆ ಕೆನೆ ಹಾಕಿ, ಮುಚ್ಚಳ ಬಿಗಿ ಮಾಡಿ, ಐದು ಮಕ್ಕಳಿಗೆ ಒಂದು ಜಾರ್ ಕೊಡಿ. ಸರದಿಯಂತೆ ಕುಲುಕಬೇಕು. ಮೊದಲು ಗುಳುಗುಳು ಸದ್ದು. ನಾಲ್ಕೈದು ನಿಮಿಷ ಆದ ಮೇಲೆ ಸದ್ದೇ ನಿಲ್ಲುತ್ತದೆ. ಜಾರ್ ಅಲ್ಲಾಡಿಸಿದರೂ ಒಳಗೆ ಏನೂ ಅಲ್ಲಾಡುವುದಿಲ್ಲ. ಎಲ್ಲ ಮಕ್ಕಳೂ ಕೈ ಬಿಡುವುದು ಇಲ್ಲೇ. "ಕೆಟ್ಟುಹೋಯ್ತು ಮಿಸ್" ಅನ್ನುತ್ತಾರೆ. ಇನ್ನೂ ಕುಲುಕಿ ಅಂತ ಹುರಿದುಂಬಿಸಿ. ಇದ್ದಕ್ಕಿದ್ದ ಹಾಗೆ ಒಳಗೆ 'ತಪ್' ಅಂತ ಏನೋ ಬಿದ್ದ ಸದ್ದು, ಮತ್ತೆ ನೀರಿನ ಸದ್ದು. ನೋಡಿದರೆ ಹಳದಿ ಮುದ್ದೆ, ಸುತ್ತ ಬಿಳಿ ಮಜ್ಜಿಗೆ. ಒಟ್ಟು ಹತ್ತರಿಂದ ಹದಿನೈದು ನಿಮಿಷದ ಕೆಲಸ. ನಮ್ಮ ಮನೆಗಳಲ್ಲಿ ಕಡೆಗೋಲು ಹಿಡಿದು ಬೆಣ್ಣೆ ತೆಗೆದವರಿಗೆ ಗೊತ್ತು, ಆ ಮುದ್ದೆ ಕಾಣಿಸುವ ಗಳಿಗೆ ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ.

ಮಜ್ಜಿಗೆಯನ್ನು ಚೆಲ್ಲಬೇಡಿ, ರೊಟ್ಟಿಗೆ ಅದೇ ಬೇಕು. ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆದು, ಚಿಟಿಕೆ ಉಪ್ಪು ಬೆರೆಸಿಡಿ.

ರೊಟ್ಟಿಗೆ ಎರಡೂ ಹಿಟ್ಟು, ಎರಡು ಚಮಚ ಉಪ್ಪು, ಮಜ್ಜಿಗೆ, ಸ್ವಲ್ಪ ಬಿಸಿನೀರು. ಇಡೀ ಹಿಟ್ಟಿಗೆ ಒಟ್ಟು 650 ಮಿಲಿಲೀಟರ್ ಹತ್ತಿರ ಹಿಡಿಯುತ್ತದೆ. ಒಂದೇ ಸಲ ಸುರಿಯದೆ ನೋಡಿಕೊಂಡು ಹಾಕಿ. ಬಾರ್ಲಿ ಚಪಾತಿ ಹಿಟ್ಟಿನ ಹಾಗೆ ಎಳೆದರೆ ಬರುವುದಿಲ್ಲ, ಅಂಚು ಬಿರಿಯುತ್ತದೆ. ಜೋಳದ ರೊಟ್ಟಿ ಬಡಿದವರಿಗೆ ಇದು ಸಲೀಸು. ಬಿಸಿನೀರಲ್ಲಿ ಕಲಸಿ, ಚೆನ್ನಾಗಿ ನಾದಿ, ಅಂಗೈಯಲ್ಲಿ ತಟ್ಟಬೇಕು. ಇಲ್ಲಿನ ಶಿಕ್ಷಕರು ಲಟ್ಟಣಿಗೆ ತಂದು ಪರದಾಡುತ್ತಿದ್ದಾಗ ನಾನು ತಟ್ಟಿ ತೋರಿಸಿದೆ, ಅಂದಿನಿಂದ ರೊಟ್ಟಿಯ ಜವಾಬ್ದಾರಿ ನನ್ನದೇ. ಅಂಗೈ ಅಗಲ ಸಾಕು. ಕಾವಲಿಯ ಮೇಲೆ ಎರಡೂ ಕಡೆ ಮೂರು ಮೂರು ನಿಮಿಷ. ಬೇಯಿಸುವುದು ದೊಡ್ಡವರ ಕೆಲಸ.

ಸ್ವೀಡನ್ನಿನ ಬಿರ್ಕಾ ಊರಿನ ಸಮಾಧಿಗಳಲ್ಲಿ ಸುಟ್ಟು ಕರಕಲಾದ ಸಣ್ಣ, ತೆಳ್ಳಗಿನ ರೊಟ್ಟಿಗಳು ಸಿಕ್ಕಿವೆ. ಹೆಚ್ಚಿನವು ಬಾರ್ಲಿಯವು. ಮಕ್ಕಳ ಕೈಯಲ್ಲಿರುವುದು ಅದರ ಹತ್ತಿರದ ನೆಂಟ.

ಬೀಸುಕಲ್ಲು ಸಿಕ್ಕರೆ ಖಂಡಿತ ತನ್ನಿ. ಒಂದು ಹಿಡಿ ಬಾರ್ಲಿ ಹಾಕಿ ಐದೈದು ನಿಮಿಷ ಬೀಸಿಸಿ. ವೈಕಿಂಗರ ಬೀಸುಕಲ್ಲು ನಮ್ಮದರ ಹಾಗೇ ಇತ್ತು: ಕೆಳಗೊಂದು, ಮೇಲೊಂದು, ಮೇಲಿನದಕ್ಕೆ ಗೂಟ. ಹಿಟ್ಟಿನ ಜೊತೆ ಕಲ್ಲಿನ ಪುಡಿಯೂ ಸೇರಿ ಆ ಕಾಲದವರ ಹಲ್ಲು ಸವೆದಿರುವುದು ತಲೆಬುರುಡೆಗಳಲ್ಲಿ ಕಾಣುತ್ತದೆ. ಐದು ನಿಮಿಷದಲ್ಲಿ ಬರುವ ಹಿಟ್ಟು ಎರಡು ಚಮಚ. ಅದನ್ನು ಒಂದು ಬಟ್ಟಲಲ್ಲಿ ಹಾಕಿ ಎಲ್ಲರಿಗೂ ಕಾಣುವ ಹಾಗೆ ಇಡಿ.

ಊಟದ ಬಗ್ಗೆ ಒಂದು ಚಿಕ್ಕ ಆಟ: ಚೀಟಿಗಳಲ್ಲಿ ಸೇಬು, ಬಟಾಣಿ, ಆಲೂಗಡ್ಡೆ, ಎಲೆಕೋಸು, ಟೊಮೇಟೊ, ಮೀನು, ಮೆಣಸಿನಕಾಯಿ, ಜೇನು, ಮೆಕ್ಕೆಜೋಳ ಅಂತ ಬರೆದು, ವೈಕಿಂಗರಿಗೆ ಯಾವುದು ಸಿಗುತ್ತಿತ್ತು ಅಂತ ಆರಿಸಲು ಹೇಳಿ. ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ, ಮೆಕ್ಕೆಜೋಳ ನಾಲ್ಕೂ ಅಮೆರಿಕದಿಂದ ಬಂದವು, 1492ರ ನಂತರ. ಆಗ ಕರ್ನಾಟಕದ ಸಾರಿನಲ್ಲೂ ಅವು ಇರಲಿಲ್ಲ.

ಮೂರನೇ ಹೆಜ್ಜೆ: ನೂಲು

ಇಡೀ ದಿನದಲ್ಲಿ ಒಂದೇ ಕೆಲಸಕ್ಕೆ ಸಮಯ ಇದೆ ಅಂದರೆ ಇದನ್ನೇ ಮಾಡಿಸಿ.

ಹಿಂದಿನ ವಾರವೇ ಮಕ್ಕಳಿಂದ ಬಿಲ್ಲೆ ಮಾಡಿಸಿಡಿ. 50 ಗ್ರಾಂ ಹಸಿ ಮಣ್ಣು ತೆಗೆದು, ಚಕ್ಕುಲಿಯ ಅಗಲದ ದಪ್ಪ ಬಿಲ್ಲೆ ತಟ್ಟಿ, ಸರಿಯಾಗಿ ನಡುವೆ ಕಡ್ಡಿಯಿಂದ ತೂತು. ತೂತು ಒಂದು ಬದಿಗೆ ಸರಿದರೆ ಕದಿರು, ಅಂದರೆ ನೂಲುವ ಕಡ್ಡಿ, ಕುಂಟುತ್ತದೆ. ಒಣಗಿದ ಮೇಲೆ ಕಡ್ಡಿಯ ಕೆಳತುದಿಗೆ ಸಿಕ್ಕಿಸಿ, ಸಡಿಲವಿದ್ದರೆ ಉಣ್ಣೆಯ ಎಳೆ ಸುತ್ತಿ ಬಿಗಿ ಮಾಡಿ. ಕಡ್ಡಿಯ ಮೇಲ್ತುದಿಯಲ್ಲಿ ಚಿಕ್ಕ ಕಚ್ಚು ಕೊರೆಯಿರಿ. ಕದಿರು ತಯಾರು. ವೈಕಿಂಗರ ಮನೆಗಳಲ್ಲಿ ಇಂಥ ಬಿಲ್ಲೆಗಳು ಮಣ್ಣಿನವು, ಬಳಪದ ಕಲ್ಲಿನವು, ಮೂಳೆಯವು ಸಿಗುತ್ತವೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್ ಎಂಬಲ್ಲಿ ವೈಕಿಂಗರ ನೆಲೆ ಇತ್ತು ಅನ್ನುವುದಕ್ಕೆ ಸಿಕ್ಕ ಗುರುತುಗಳಲ್ಲಿ ಬಳಪದ ಕಲ್ಲಿನ ಒಂದು ಪುಟ್ಟ ಬಿಲ್ಲೆಯೂ ಇದೆ. ಅಟ್ಲಾಂಟಿಕ್ ದಾಟಿ ಹೋದವರು ಕದಿರನ್ನೂ ಒಯ್ದಿದ್ದರು.

ನೂಲುವುದನ್ನು ಹೀಗೆ ಕಲಿಸಿ.

1. ಮೊದಲು ಕದಿರು ಬೇಡ. ಪ್ರತಿ ಮಗುವಿಗೂ ಒಂದು ಚಿಟಿಕೆ ಉಣ್ಣೆ. ನಿಧಾನವಾಗಿ ಎಳೆದರೆ ಅದು ಹೊಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಜೋರಾಗಿ ಎಳೆದರೆ ಕಿತ್ತು ಬರುತ್ತದೆ. ಈಗ ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆಯಲಿ, ದೀಪದ ಬತ್ತಿ ಹೊಸೆಯುವ ಹಾಗೆ. ಹೊಸೆದದ್ದನ್ನು ಎಳೆದು ನೋಡಲಿ, ಕಿತ್ತುಹೋಗುವುದಿಲ್ಲ. ಹುರಿ ಅಂದರೆ ಏನು ಅಂತ ಬೆರಳಿಗೆ ಗೊತ್ತಾಗುವುದು ಇಲ್ಲಿ. ಈ ಹಂತ ಬಿಡಬೇಡಿ.

2. ಇಬ್ಬಿಬ್ಬರ ಜೋಡಿ ಮಾಡಿ. ಕದಿರಿಗೆ ಅರ್ಧ ಮೀಟರ್ ಉಣ್ಣೆಯ ದಾರ ಕಟ್ಟಿ, ಬಿಲ್ಲೆಯ ಮೇಲೆ ಸುತ್ತಿ, ಮೇಲಿನ ಕಚ್ಚಿಗೆ ಸಿಕ್ಕಿಸಿ. ದಾರದ ತುದಿಯನ್ನು ಹಿಂಜಿದ ಉಣ್ಣೆಯ ಜೊತೆ ಒಂದು ಗೇಣು ಸೇರಿಸಿ ಹಿಡಿಯಿರಿ.

3. ಒಬ್ಬರು ಕದಿರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾರೆ. ಇನ್ನೊಬ್ಬರು ಉಣ್ಣೆಯನ್ನು ಎಳೆದು ಎಳೆದು ಬಿಡುತ್ತಾರೆ. ಕೆಳಗಿನ ಕೈ ಚಿವುಟಿ ಹಿಡಿದಿರಬೇಕು. ಮೇಲೆ ಎಳೆದಾದ ಮೇಲೆ ಚಿವುಟು ಸಡಿಲಿಸಿದರೆ ಹುರಿ ಸರ್ ಅಂತ ಮೇಲೆ ಓಡುತ್ತದೆ. ಅದನ್ನು ಕಣ್ಣಾರೆ ನೋಡಬಹುದು.

4. ಕದಿರು ನೆಲ ಮುಟ್ಟಿದಾಗ ನೂಲನ್ನು ಬಿಲ್ಲೆಯ ಮೇಲೆ ಸುತ್ತಿ, ಮತ್ತೆ ಶುರು.

ಎಳೆ ಕಿತ್ತೇ ಕೀಳುತ್ತದೆ. ಕದಿರು ನೆಲಕ್ಕೆ ಬೀಳುವ ಸದ್ದು ಗಂಟೆಯಿಡೀ ಕೇಳುತ್ತಿರುತ್ತದೆ. ಬಿದ್ದಾಗ ಗಂಟು ಹಾಕಲು ಬಿಡಬೇಡಿ. ಕಿತ್ತ ತುದಿಯನ್ನು ಬೆರಳಿಂದ ನವಿರಾಗಿ ಬಿಡಿಸಿ, ಹೊಸ ಉಣ್ಣೆಯ ಮೇಲಿಟ್ಟು ಮತ್ತೆ ಹುರಿ ಕೊಟ್ಟರೆ ತಾನೇ ಕೂಡಿಕೊಳ್ಳುತ್ತದೆ. ಹುರಿ ಸಾಲದೆ ಹೋದರೆ ಎಳೆ ಜಾರಿ ಬಿಚ್ಚುತ್ತದೆ, ಜಾಸ್ತಿಯಾದರೆ ಗುಂಗುರು ಕೂದಲಿನ ಹಾಗೆ ಸುರುಳಿಯಾಗುತ್ತದೆ. ಕದಿರು ಹಿಂದಕ್ಕೆ ತಿರುಗಲು ಬಿಟ್ಟರೆ ನೂತದ್ದೆಲ್ಲ ಬಿಚ್ಚಿಹೋಗುತ್ತದೆ. ಹೆಚ್ಚಿನ ತೊಂದರೆಗೆ ಕಾರಣ ಇದು, ಕಣ್ಣಿಟ್ಟಿರಿ.

ಓದುವುದರಲ್ಲಿ ಹಿಂದೆ ಬಿದ್ದ ಮಕ್ಕಳು ಈ ಕೆಲಸದಲ್ಲಿ ಮುಂದೆ ಬರುವುದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಒಬ್ಬಳು ಹುಡುಗಿ, ತರಗತಿಯಲ್ಲಿ ಬಾಯೇ ಬಿಡದವಳು, ಊಟದ ಬಿಡುವಿನಲ್ಲೂ ಕದಿರು ಕೆಳಗಿಡಲಿಲ್ಲ. ಅವಳ ಬೆರಳಿಗೆಲ್ಲ ಉಣ್ಣೆಯ ಜಿಡ್ಡು ಮೆತ್ತಿತ್ತು, ಕುರಿಯ ವಾಸನೆ. ಮೂಸಿ ನೋಡಿಕೊಂಡು ನಗುತ್ತಿದ್ದಳು.

ಕೊನೆಗೆ ಎಲ್ಲರ ನೂಲನ್ನೂ ಅಳೆಯಿರಿ. ಕಲಿಯುವ ಜೋಡಿ ಒಂದು ಗಂಟೆಯಲ್ಲಿ ಮೂರು-ನಾಲ್ಕು ಮೀಟರ್ ನೂತರೆ ಹೆಚ್ಚು. 15 ಜೋಡಿ ಸೇರಿ 60 ಮೀಟರ್ ಅಂದುಕೊಳ್ಳಿ. ಈಗ ಲೆಕ್ಕ. ಬಟ್ಟೆಗೆ ಉದ್ದದ ಎಳೆ (ಹಾಸು) ಬೇಕು, ಅಡ್ಡದ ಎಳೆ (ಹೊಕ್ಕು) ಬೇಕು. ಸೆಂಟಿಮೀಟರಿಗೆ 8 ಎಳೆಯಂತೆ ಹಿಡಿದರೆ, ಒಂದು ಚದರ ಮೀಟರಿಗೆ ಹಾಸಿನ ಎಳೆಗೆ 800 ಮೀಟರ್, ಹೊಕ್ಕಿನ ಎಳೆಗೆ 800 ಮೀಟರ್, ಒಟ್ಟು 1,600 ಮೀಟರ್ ನೂಲು. ನಮ್ಮ 60 ಮೀಟರಿಗೆ ಬರುವ ಬಟ್ಟೆ ಸುಮಾರು 19 ಸೆಂಟಿಮೀಟರ್ ಚೌಕ. ಒಂದು ಕರ್ಚೀಫೂ ಆಗುವುದಿಲ್ಲ. 90 ಚದರ ಮೀಟರಿನ ಹಾಯಿಗೆ? 144 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟು ದೂರ. ಹಡಗಿನ ಹಾಯಿಗಳು ಹೆಚ್ಚಾಗಿ ಉಣ್ಣೆಯವೇ ಆಗಿದ್ದವು. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. ಉತ್ತರ ಬೋರ್ಡಿನ ಮೇಲೆ ಬಂದಾಗ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ.

ಬಣ್ಣ ಹಾಕುವುದನ್ನು ಮನೆಗೆ ಬಿಡಿ, ಶಾಲೆಯಲ್ಲಿ ಒಲೆಯ ಮುಂದೆ ಅಷ್ಟು ಹೊತ್ತು ನಿಲ್ಲಿಸುವುದು ಕಷ್ಟ. ಮಾತಿನಲ್ಲಿ ಮಾತ್ರ ಹೇಳಿ: ಅವರ ಕೆಂಪು ಬಣ್ಣದ ಗಿಡ ನಮ್ಮ ಮಂಜಿಷ್ಠದ ಹತ್ತಿರದ ಬಂಧು. ನೀಲಿಯ ಗಿಡ ಬೇರೆಯಾದರೂ ಅದರ ಎಲೆಯಿಂದ ಬರುವ ಬಣ್ಣ ನಮ್ಮ ನೀಲಿಯೇ.

ಯಾರ್ಕ್ ಹತ್ತಿರ ಇರುವವರು ಮಕ್ಕಳನ್ನು ಯೋರ್ವಿಕ್ ವೈಕಿಂಗ್ ಸೆಂಟರ್ ಎಂಬ ಮ್ಯೂಸಿಯಮ್‌ಗೆ ಕರೆದುಕೊಂಡು ಹೋಗಿ. 1976ರಿಂದ 1981ರವರೆಗೆ ಕಾಪರ್‌ಗೇಟ್ ಬೀದಿಯಲ್ಲಿ ಅಗೆದಾಗ ಸಿಕ್ಕಿದ್ದರ ಮೇಲೆ ಅದು ನಿಂತಿದೆ. ಹಸಿ ಮಣ್ಣಿನಲ್ಲಿ ಮರ, ಚರ್ಮ, ಬಟ್ಟೆ ಕೊಳೆಯದೆ ಉಳಿದಿದ್ದವು. ಅಲ್ಲಿ ಸಿಕ್ಕ ಒಂದು ಉಣ್ಣೆಯ ಕಾಲುಚೀಲವನ್ನು ಒಂದೇ ಸೂಜಿಯಲ್ಲಿ, ಕುಣಿಕೆಯೊಳಗೆ ಕುಣಿಕೆ ಹಾಕಿ ಹೆಣೆದಿದ್ದಾರೆ. ಬೆಳಿಗ್ಗೆ ನೂತ ಮಗು ಅದನ್ನು ನೋಡುವ ರೀತಿಯೇ ಬೇರೆ. ಆದ್ದರಿಂದ ಪ್ರವಾಸ ಮೊದಲಲ್ಲ, ಈ ದಿನ ಮುಗಿದ ಮೇಲೆ ಇಟ್ಟುಕೊಳ್ಳಿ.

ನಾಲ್ಕನೇ ಹೆಜ್ಜೆ: ರೂನ್ ಬರಹ

ಊಟದ ನಂತರ ಕೂತು ಮಾಡುವ ಕೆಲಸ ಒಳ್ಳೆಯದು. ವೈಕಿಂಗ್ ಕಾಲದ ರೂನ್ ಅಕ್ಷರಗಳು ಬರೀ 16. ಎಲ್ಲವೂ ನೆಟ್ಟಗಿನ ಗೀಟು, ಓರೆ ಗೀಟು. ಮಲಗಿದ ಗೀಟಿಲ್ಲ. ಮರದ ನಾರು ಅಡ್ಡ ಇರುತ್ತದೆ, ಅದರ ದಿಕ್ಕಿಗೇ ಕೊರೆದರೆ ಗೆರೆ ಕಾಣುವುದಿಲ್ಲ. ಮಕ್ಕಳಿಗೆ ಮೊದಲು ಅಕ್ಷರಗಳ ಪಟ್ಟಿ ಕೊಟ್ಟು, "ಇದರಲ್ಲಿ ಏನು ಇಲ್ಲ?" ಅಂತ ಕೇಳಿ, ಅವರೇ ಹೇಳಲಿ.

ಒಂಬತ್ತು ವರ್ಷದೊಳಗಿನವರಿಗೆ ಮರ ಕೊರೆಯುವುದು ಬೇಡ. ಮಣ್ಣಿನ ಚಪ್ಪಟೆ ಹಲಗೆಯ ಮೇಲೆ ಕಡ್ಡಿಯಿಂದ ಒತ್ತಿ ಬರೆಯಲಿ. ದೊಡ್ಡವರು ತೆಳು ಮರದ ಪಟ್ಟಿಯ ಮೇಲೆ ಪೆನ್ಸಿಲ್‌ನಿಂದ ಬರೆದು, ಮೊಂಡು ಮೊಳೆಯಿಂದ ಒತ್ತಿ ತಿದ್ದಬಹುದು.

ಕನ್ನಡದ ಮಕ್ಕಳಿಗೆ ಇಲ್ಲೊಂದು ವಿಶೇಷ ಇದೆ. ರೂನ್‌ನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ತ-ದ ಒಂದೇ, ಪ-ಬ ಒಂದೇ, ಇ-ಎ ಕೂಡ ಒಂದೇ. 'ದೀಪಾ' ಅಂತ ಬರೆದದ್ದನ್ನು 'ತೀಬಾ' ಅಂತಲೂ ಓದಬಹುದು. 'ಗೀತಾ' 'ಕೀದಾ' ಆಗಬಹುದು. ಮಕ್ಕಳು ಒಬ್ಬರ ಹೆಸರನ್ನು ಒಬ್ಬರು ಓದಿ ಬಿದ್ದು ಬಿದ್ದು ನಗುತ್ತಾರೆ. ಕನ್ನಡದ ಕಾಗುಣಿತ ಎಷ್ಟು ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಟ್ಟುಕೊಂಡಿದೆ ಅಂತ ಇಲ್ಲಿ ಹುಟ್ಟಿ ಬೆಳೆದ ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗೆ ಸಿಕ್ಕಿಲ್ಲ.

ಬರೀ ಹೆಸರು ಬರೆಸಿ ನಿಲ್ಲಿಸಬೇಡಿ. ಒಂದು ಸಣ್ಣ ಸಂದೇಶ ಬರೆಸಿ. ನಾರ್ವೆಯ ಬರ್ಗೆನ್ ಊರಿನ ಬ್ರಿಗ್ಗೆನ್ ಬಂದರಿನಲ್ಲಿ 1955ರ ಬೆಂಕಿ ಅನಾಹುತದ ನಂತರ ಅಗೆದಾಗ ನೂರಾರು ರೂನ್ ಕಡ್ಡಿಗಳು ಸಿಕ್ಕವು. ವೈಕಿಂಗ್ ಕಾಲಕ್ಕಿಂತ ಸ್ವಲ್ಪ ಈಚಿನವು. ಒಂದರಲ್ಲಿ ಇರುವುದು ಇಷ್ಟೇ: 'ಮನೆಗೆ ಬಾ ಅಂತ ಗ್ಯೂಡಾ ಹೇಳುತ್ತಾಳೆ'. ಇದನ್ನು ಓದಿ ಹೇಳಿದರೆ ಸಾಕು, ಮಕ್ಕಳಿಗೆ ಏನು ಬರೆಯಬೇಕು ಅಂತ ತಾನೇ ಹೊಳೆಯುತ್ತದೆ. ಫೋನಿನ ಬ್ಲೂಟೂತ್ ಗುರುತು ಗೊತ್ತಲ್ವಾ? ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರಿನ ಎರಡು ರೂನ್ ಅಕ್ಷರ ಬೆಸೆದು ಮಾಡಿದ್ದು ಅದು.

ಐದನೇ ಹೆಜ್ಜೆ: ದೊರೆಯ ಆಟ

ನೆಫಾತಾಫ್ಲ್ ಅನ್ನುವುದು ವೈಕಿಂಗರ ಮಣೆಯಾಟ. ಆಡುವ ನಿಯಮ ಅವರು ಬರೆದಿಟ್ಟಿಲ್ಲ. ಸಸ್ಯಶಾಸ್ತ್ರಜ್ಞ ಲಿನೇಯಸ್ 1732ರಲ್ಲಿ ಸ್ವೀಡನ್ನಿನ ಉತ್ತರದ ಲ್ಯಾಪ್‌ಲ್ಯಾಂಡ್ ಸುತ್ತುವಾಗ ಅದೇ ಬಳಗದ ಒಂದು ಆಟ ನೋಡಿ ಬರೆದುಕೊಂಡ. ನಾವು ಆಡುವುದು ಅದರ ಆಧಾರದಲ್ಲಿ.

ಹಾಳೆಯ ಮೇಲೆ 9ಕ್ಕೆ 9 ಮನೆ. ನಟ್ಟನಡುವೆ ದೊರೆ. ದೊರೆಯ ನಾಲ್ಕೂ ದಿಕ್ಕಿಗೆ ಎರಡೆರಡು ಕಾವಲುಗಾರರು, ಒಟ್ಟು 8. ಪ್ರತಿ ಅಂಚಿನ ನಡುವೆ ಮೂವರು, ಅವರ ಮುಂದೆ ಒಬ್ಬ, ಹೀಗೆ ನಾಲ್ಕು ಕಡೆ ಸೇರಿ 16 ದಾಳಿಗಾರರು. ಎಲ್ಲರೂ ನೇರ ಸಾಲಿನಲ್ಲಿ ಎಷ್ಟು ಮನೆ ಬೇಕಾದರೂ ಹೋಗಬಹುದು, ಚದುರಂಗದ ಆನೆಯ ಹಾಗೆ. ಹಾರುವಂತಿಲ್ಲ. ಎದುರಾಳಿಯನ್ನು ಎರಡು ಕಡೆಯಿಂದ ಒತ್ತಿ ಹಿಡಿದರೆ ಅವನು ಔಟ್. ದೊರೆ ಅಂಚು ಮುಟ್ಟಿದರೆ ಗೆದ್ದ. ನಾಲ್ಕೂ ಕಡೆ ಸುತ್ತುವರಿದರೆ ಸೋತ. ನಮ್ಮ ಆಡು-ಹುಲಿ ಆಟದ ಹಾಗೆ ಎರಡು ಪಕ್ಷದ ಬಲವೂ ಬೇರೆ, ಗುರಿಯೂ ಬೇರೆ. ಒಂದು ಆಟ ಮುಗಿದ ಮೇಲೆ ಪಕ್ಷ ಬದಲಿಸಿ ಆಡಿಸಿ, ಇಲ್ಲದಿದ್ದರೆ ಜಗಳ.

ಕೊನೆಗೆ, ಮನೆಯೊಳಗೆ

ದಿನದ ಕೊನೆಯ ಅರ್ಧ ಗಂಟೆ ಎಲ್ಲರೂ ಸೀಮೆಸುಣ್ಣದ ಮನೆಗೆ ವಾಪಸ್. ಮಳೆ ಬಂದರೆ ತರಗತಿಯ ಪರದೆ ಎಳೆದು, ದೀಪ ಆರಿಸಿ, ನೆಲದ ಮೇಲೆ ಎರಡು ಸಾಲಾಗಿ ಕೂರಿಸಿ. ರೊಟ್ಟಿ, ಬೆಣ್ಣೆ ಹಂಚಿ. ತಿನ್ನುತ್ತಿರುವಾಗ ನಾನು ಎರಡು ಕತೆ ಹೇಳುತ್ತೇನೆ.

ಒಂದು, ಬೀಸುಕಲ್ಲಿನದು. ಫ್ರೋದಿ ಎಂಬ ದೊರೆ ಫೆನ್ಯ, ಮೆನ್ಯ ಎಂಬ ಇಬ್ಬರು ದೈತ್ಯ ಹುಡುಗಿಯರನ್ನು ಗುಲಾಮರಾಗಿ ಕೊಂಡ. ಅವನಲ್ಲಿ ಕೇಳಿದ್ದನ್ನು ಕೊಡುವ ಬೀಸುಕಲ್ಲು ಇತ್ತು. ಬಂಗಾರ ಬೀಸಿ ಅಂದ. ಕೋಗಿಲೆ ಕೂಗು ನಿಲ್ಲಿಸುವಷ್ಟು ಹೊತ್ತು ಮಾತ್ರ ಬಿಡುವು. ಅವರು ಹಾಡುತ್ತ ಹಾಡುತ್ತ ಬೀಸಿದರು. ಕೊನೆಗೆ ಬಂಗಾರದ ಬದಲು ಅವನ ಮೇಲೆ ದಂಡನ್ನೇ ಬೀಸಿ ತಂದರು. ಬೀಸುವ ಪದ ಕೇಳಿ ಬೆಳೆದ ನನಗೆ ಈ ಕತೆ ಹೇಳುವಾಗ ಗಂಟಲು ಕಟ್ಟುತ್ತದೆ. ವೈಕಿಂಗರು ಗುಲಾಮರನ್ನು ಇಟ್ಟುಕೊಂಡಿದ್ದರು, ಮಾರುತ್ತಿದ್ದರು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಬೆಳಿಗ್ಗೆ ಐದು ನಿಮಿಷ ಬೀಸಿ ತೋಳು ನೋವು ಅಂದವರಿಗೆ ಅದರ ಅರ್ಥ ಆಗುತ್ತದೆ. ಬಟ್ಟಲಿನ ಎರಡು ಚಮಚ ಹಿಟ್ಟನ್ನು ಈಗ ಕೈಯಿಂದ ಕೈಗೆ ದಾಟಿಸಿ.

ಇನ್ನೊಂದು, ಬುದ್ಧನದು. ಸ್ವೀಡನ್ನಿನ ಹೆಲ್ಗೋ ದ್ವೀಪದಲ್ಲಿ ಅಗೆದಾಗ ಬೆರಳುದ್ದದ ಒಂದು ಕಂಚಿನ ಬುದ್ಧ ಸಿಕ್ಕಿತು. ತಾವರೆಯ ಮೇಲೆ ಕೂತಿದ್ದಾನೆ. ಭಾರತ ಉಪಖಂಡದ ವಾಯವ್ಯ ಮೂಲೆಯಲ್ಲಿ, ಸುಮಾರು 6ನೇ ಶತಮಾನದಲ್ಲಿ ಮಾಡಿದ್ದು. ಈಗ ಸ್ಟಾಕ್‌ಹೋಮಿನ ಇತಿಹಾಸ ಮ್ಯೂಸಿಯಮ್‌ನಲ್ಲಿದೆ. ಕೈಯಿಂದ ಕೈಗೆ ದಾಟಿ ಅಷ್ಟು ದೂರ ಹೋಗಿದೆ. ಭೂಪಟ ಹರಡಿ, ಅಲ್ಲಿಂದ ಇಲ್ಲಿಗೆ ದಾರಿ ಹೇಗೆ ಬಂದಿರಬಹುದು ಅಂತ ಮಕ್ಕಳು ಬೆರಳಿಟ್ಟು ತೋರಿಸಲಿ. ನದಿಗಳ ಮೇಲೆ ಬೆರಳು ಓಡಿಸಿದವರಿಗೆ ಶಭಾಷ್ ಹೇಳಿ.

ಮಕ್ಕಳು ಹೋದ ಮೇಲೆ ಎರಡು ಕೆಲಸ ಉಳಿದಿರುತ್ತದೆ. ಎಲ್ಲ ಜೋಡಿಗಳ ನೂಲನ್ನು ಗಂಟು ಹಾಕಿ ಒಂದೇ ಉಂಡೆ ಸುತ್ತಿ, ಮೀಟರ್ ಲೆಕ್ಕದ ಚೀಟಿ ಕಟ್ಟಿ, ತರಗತಿಯ ಕಿಟಕಿಯಲ್ಲಿಡಿ. ಕದಿರುಗಳನ್ನು ಉಣ್ಣೆಯ ಜೊತೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ನುಸಿ ಹಿಡಿಯದ ಹಾಗೆ ಒಣಗಿದ ಬೇವಿನ ಎಲೆಯನ್ನೋ ಲ್ಯಾವೆಂಡರ್ ಹೂವನ್ನೋ ಇಟ್ಟು ಮುಚ್ಚಿ. ಮರುದಿನ ಬಿಡುವಿನಲ್ಲಿ ಯಾರಾದರೂ ಬಂದು ಕೇಳುತ್ತಾರೆ, ಡಬ್ಬಿ ಕೈಗೆಟಕುವ ಕಡೆ ಇರಲಿ.